330 ವ್ಯಾಟ್ ಪ್ಯಾನೆಲ್, ಬಂದಿದ್ದು ಬರೀ 110: ತೋಟದ ಮನೆಗೆ ಸೋಲಾರ್ ಹಾಕೋ ಮುಂಚೆ ಒಂದು ಲೆಕ್ಕ

ನಮ್ಮದು ಶಿರಾ ತಾಲೂಕು. ಊರಿಂದ ಒಂದೂವರೆ ಕಿಲೋಮೀಟರ್ ದೂರದ ತೋಟದಲ್ಲೇ ಮನೆ. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಮಗಳು ಮತ್ತೆ ನಾನು. ನಾಲ್ಕು ಹಸು ಇವೆ, ಎರಡು ಎಕರೆ ಅಡಿಕೆ, ಉಳಿದದ್ದರಲ್ಲಿ ಕಡ್ಲೆಕಾಯಿ, ರಾಗಿ. ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲೀತಾರೆ. ಮಳೆ ಕೈಕೊಟ್ಟ ವರ್ಷ ಮನೆಗೆ ಗ್ಯಾರಂಟಿಯಾಗಿ ದುಡ್ಡು ಬರೋದು ಹಾಲಿಂದ ಮತ್ತೆ ಅವರ ಹೊಲಿಗೆ ಮಿಷನ್ನಿಂದ.

ತೋಟದ ಮನೆಯಲ್ಲಿ ಇರೋರಿಗೆ ಕರೆಂಟಿನ ಕಥೆ ನಾನು ಹೇಳಬೇಕಾಗಿಲ್ಲ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯಲ್ಲಿ ಬೇರೆ ಫೀಡರ್ ಆಯ್ತು. ನಾವು ಪಂಪ್‌ಸೆಟ್ ಲೈನಿನಲ್ಲೇ ಉಳಿದ್ವಿ. ತ್ರೀ ಫೇಸ್ ಕೊಡೋ ಹೊತ್ತಲ್ಲಿ ಕರೆಂಟ್ ಇರುತ್ತೆ, ಆಮೇಲೆ ಸಿಂಗಲ್ ಫೇಸ್ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ನಮ್ಮ ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, 2019ರಲ್ಲೇ ಪೂರ್ತಿಯಾಗಿದೆ. ಆ ಕರೆಂಟು ದೊಡ್ಡ ಲೈನ್ ಹತ್ತಿ ಗ್ರಿಡ್ಡಿಗೆ ಹೋಗುತ್ತೆ. ಅದು ಪಕ್ಕದಲ್ಲೇ ಇದೆ ಅಂತ ನಮ್ಮ ಕೊಟ್ಟಿಗೆಯ ಬಲ್ಬು ಉರಿಯಲ್ಲ.

ಮೂರು ವರ್ಷದ ಹಿಂದೆ ಗೌರಿ ಹಬ್ಬದ ಮುಂಚೆ ಅತ್ತಿಗೆ 31 ಬ್ಲೌಸ್ ಹೊಲಿಯೋಕೆ ಒಪ್ಪಿಕೊಂಡಿದ್ರು. ಮಧ್ಯಾಹ್ನ ಕರೆಂಟ್ ಇಲ್ಲ, ಸಂಜೆ ಮತ್ತೆ ಇಲ್ಲ. ಮಂಡಿ ನೋವು ಶುರುವಾದ ಮೇಲೆ ಅವರಿಗೆ ಕಾಲಲ್ಲಿ ಮಿಷನ್ ತುಳಿಯೋಕೆ ಆಗಲ್ಲ, ಮೋಟಾರೇ ಗತಿ. ಹಬ್ಬದ ಹಿಂದಿನ ದಿನದ ಹೊತ್ತಿಗೆ 19 ಬ್ಲೌಸ್ ಕೊಟ್ಟಿದ್ರು. ಉಳಿದೋರು ಬಂದು ಬಟ್ಟೆ ವಾಪಸ್ ತಗೊಂಡು ಹೋದ್ರು. ಅವರಲ್ಲಿ ನಾಲ್ಕೈದು ಜನ ಆಮೇಲೆ ನಮ್ಮ ಮನೆ ಕಡೆ ಬರಲೇ ಇಲ್ಲ.

ಅವತ್ತು ರಾತ್ರಿ ನಾನೇ ದೊಡ್ಡದಾಗಿ ಹೇಳಿದೆ, "ದೀಪಾವಳಿ ಹೊತ್ತಿಗೆ ಸೋಲಾರ್ ಹಾಕಿಸ್ತೀನಿ ಬಿಡಿ ಅತ್ತಿಗೆ" ಅಂತ. ಹಾಕಿಸಿದೆ. ಹೆಂಗೆ ಹಾಕಿಸಬಾರದೋ ಹಂಗೆ ಹಾಕಿಸಿದೆ. ನೀವು ಅದೇ ತಪ್ಪು ಮಾಡಬೇಡಿ ಅಂತ ಇದನ್ನ ಬರೀತಿದೀನಿ.

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳಿ

ಈಗ ಸೋಲಾರ್ ಅಂದ ತಕ್ಷಣ ಎಲ್ಲರೂ ಹೇಳೋದು ಪಿಎಂ ಸೂರ್ಯ ಘರ್ ಯೋಜನೆ. 2024ರ ಫೆಬ್ರವರಿಯಲ್ಲಿ ಬಂದ ಯೋಜನೆ ಇದು. ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಹಾಕಿದ್ರೆ ಒಟ್ಟು 78,000 ರೂಪಾಯಿ ಸಬ್ಸಿಡಿ. ಒಳ್ಳೆ ಯೋಜನೆನೇ. ಆದ್ರೆ ಇದರಲ್ಲಿ ಸಾಮಾನ್ಯವಾಗಿ ಹಾಕೋದು ಬ್ಯಾಟರಿ ಇಲ್ಲದ ಆನ್ ಗ್ರಿಡ್ ಸಿಸ್ಟಮ್. ಹಗಲು ನಿಮ್ಮ ಮನೆಗೆ ಬಳಸಿ ಮಿಕ್ಕಿದ ಕರೆಂಟ್ ಲೈನಿಗೆ ಹೋಗುತ್ತೆ, ರಾತ್ರಿ ಲೈನಿಂದ ತಗೋತೀರಿ, ಮೀಟರ್ ಎರಡೂ ಕಡೆ ಲೆಕ್ಕ ಹಾಕುತ್ತೆ.

ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲೈನಲ್ಲಿ ಕರೆಂಟ್ ಹೋದ್ರೆ ಆನ್ ಗ್ರಿಡ್ ಇನ್ವರ್ಟರ್ ಕೂಡ ತಾನಾಗೇ ಆಫ್ ಆಗುತ್ತೆ. ಸುಡು ಬಿಸಿಲಿದ್ರೂ ಸರಿ, ಮನೆ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಇದ್ರೂ ಸರಿ, ಒಂದು ಬಲ್ಬೂ ಉರಿಯಲ್ಲ. ಅದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿರೋದು. ಲೈನ್ ಆಫ್ ಮಾಡಿ ಕಂಬ ಹತ್ತಿರೋ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹೋದ ಕರೆಂಟ್ ಹೊಡೀಬಾರದಲ್ವಾ? ಕರೆಂಟ್ ಇಲ್ಲದ ಹೊತ್ತಲ್ಲೂ ನಡೀಬೇಕು ಅಂದ್ರೆ ಬ್ಯಾಟರಿ ಬೇಕು, ಅದಕ್ಕೆ ಹೊಂದೋ ಹೈಬ್ರಿಡ್ ಅಥವಾ ಆಫ್ ಗ್ರಿಡ್ ಇನ್ವರ್ಟರ್ ಬೇಕು. ಸಬ್ಸಿಡಿ ಲೆಕ್ಕ ಹಾಕೋದು ಕಿಲೋವ್ಯಾಟ್ ಮೇಲೆ, ಬ್ಯಾಟರಿ ಖರ್ಚು ನಮ್ಮದೇ.

ಇನ್ನೊಂದು ಮಾತು, ಇದು ನಮ್ಮ ಕರ್ನಾಟಕದೋರಿಗೆ. ಗೃಹಜ್ಯೋತಿಯಲ್ಲಿ ಬಹಳ ಮನೆಗಳ ಬಿಲ್ ಈಗಾಗಲೇ ಸೊನ್ನೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೂ ದುಡ್ಡಿಲ್ಲ. ಬಿಲ್ಲೇ ಇಲ್ಲದ ಮನೆಗೆ ಬಿಲ್ ಉಳಿಸೋ ಸೋಲಾರ್ ಹಾಕಿ ಏನು ಸಿಗುತ್ತೆ? ನಮ್ಮ ತೊಂದರೆ ಕರೆಂಟಿನ ರೇಟಲ್ಲ, ಬೇಕಾದ ಹೊತ್ತಲ್ಲಿ ಅದು ಇಲ್ಲದಿರೋದು. ಹಾಗಾಗಿ "ಎಷ್ಟು ಕಿಲೋವ್ಯಾಟ್ ಹಾಕಿಸ್ಲಿ?" ಅನ್ನೋದು ತಪ್ಪು ಪ್ರಶ್ನೆ. "ಕರೆಂಟ್ ಇಲ್ಲದ ಗಂಟೆಗಳಲ್ಲಿ ನನಗೆ ಏನೇನು ನಡೀಲೇಬೇಕು?" ಅಂತ ಕೇಳ್ಕೊಳ್ಳಿ. ಪೇಟೆಯಲ್ಲಿ ಅಂಗಡಿ ಇಟ್ಟಿರೋರ ಲೆಕ್ಕ ಬೇರೆ. ಗೃಹಜ್ಯೋತಿ ಮನೆ ಮೀಟರಿಗೆ ಮಾತ್ರ, ಅಂಗಡಿ ಮೀಟರಿಗೆ ಇಲ್ಲ. ಅವರಿಗೆ ಬಿಲ್ ಉಳಿಸೋದೂ ಲಾಭವೇ.

ನಾನು ಮಾಡಿದ ತಪ್ಪು

ಮನೆಯಲ್ಲಿ ಮೊದಲೇ ಒಂದು ಸಾದಾ ಇನ್ವರ್ಟರ್ ಇತ್ತು, 12 ವೋಲ್ಟಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಇತ್ತು. ಲೈನ್ ಕರೆಂಟೇ ಸರಿಯಾಗಿ ಬರದಿದ್ರೆ ಬ್ಯಾಟರಿ ಚಾರ್ಜ್ ಆಗೋದು ಹೆಂಗೆ? ಪೇಟೆಯ ಅಂಗಡಿಯೋರು, "330 ವ್ಯಾಟಿನ ಒಂದು ಪ್ಯಾನೆಲ್ ಹಾಕಿ, ಒಂದು ಕಂಟ್ರೋಲರ್ ಕೂರಿಸಿ, ಇಡೀ ಮನೆ ಓಡುತ್ತೆ" ಅಂದ್ರು. ಪ್ಯಾನೆಲ್ಲು, ಸ್ಟ್ಯಾಂಡು ಸೇರಿ 11,500. ಕಂಟ್ರೋಲರ್ 1,100. ಇಷ್ಟು ಅಗ್ಗವಾಗಿ ಆಯ್ತಲ್ಲ ಅಂತ ಬೀಗಿದ್ದೇ ಬೀಗಿದ್ದು.

ಮೊದಲ ತಿಂಗಳು ಚೆನ್ನಾಗೇ ಇತ್ತು. ಆಮೇಲೆ ರಾತ್ರಿ ಎಂಟಕ್ಕೆಲ್ಲ ಇನ್ವರ್ಟರ್ ಕೀಂ ಕೀಂ ಅನ್ನೋಕೆ ಶುರು. 14 ತಿಂಗಳಿಗೆ ಬ್ಯಾಟರಿ ಸತ್ತೇ ಹೋಯ್ತು. "ಏನಪ್ಪಾ, ಮೊದಲು ಕರೆಂಟ್ ಹೋದ್ರೆ ಎರಡು ಗಂಟೆಯಾದ್ರೂ ಬರ್ತಿತ್ತು, ಸೋಲಾರ್ ಹಾಕಿದ ಮೇಲೆ ಅದೂ ಇಲ್ಲ" ಅಂದ್ರು ಅತ್ತಿಗೆ. ಬೈಲಿಲ್ಲ, ಹಾಗಂದ್ರು ಅಷ್ಟೇ. ಅದೇ ಜಾಸ್ತಿ ಚುಚ್ಚಿತು.

ಐಟಿಐ ಮಾಡಿರೋ ನಮ್ಮ ಚಿಕ್ಕಪ್ಪನ ಮಗ ಸಂಕ್ರಾಂತಿಗೆ ಬಂದಾಗ ಮೀಟರ್ ಹಿಡಿದು ನೋಡಿದ. ಸರಿಯಾಗಿ ನಡು ಮಧ್ಯಾಹ್ನ, ಮೋಡವಿಲ್ಲ. ಬ್ಯಾಟರಿಗೆ ಹೋಗ್ತಿದ್ದಿದ್ದು 8.5 ಆಂಪಿಯರ್, 13 ವೋಲ್ಟ್. ಎರಡನ್ನೂ ಗುಣಿಸಿದ್ರೆ ವ್ಯಾಟ್ ಸಿಗುತ್ತೆ: ಸುಮಾರು 110. ಪ್ಯಾನೆಲ್ ಮೇಲೆ ಬರೆದಿದ್ದು 330. ಮೂರರಲ್ಲಿ ಎರಡು ಪಾಲು ಎಲ್ಲಿ ಹೋಯ್ತು?

ತಪ್ಪು ಪ್ಯಾನೆಲ್ಲಿಂದಲ್ಲ, 1,100 ರೂಪಾಯಿಯ ಕಂಟ್ರೋಲರಿಂದು. ಅದು ಪಿಡಬ್ಲ್ಯುಎಂ ಜಾತಿಯದು. ಅದು ಬರೀ ಒಂದು ಸ್ವಿಚ್ ಇದ್ದ ಹಾಗೆ, ಪ್ಯಾನೆಲ್ಲನ್ನ ನೇರವಾಗಿ ಬ್ಯಾಟರಿಗೆ ಜೋಡಿಸುತ್ತೆ, ತುಂಬಿದ ಮೇಲೆ ಬಿಡಿಸುತ್ತೆ. ನಮ್ಮ ಪ್ಯಾನೆಲ್ ಕೆಲಸ ಮಾಡೋ ವೋಲ್ಟೇಜ್ 37ರ ಆಸುಪಾಸು. ಬ್ಯಾಟರಿ 13 ವೋಲ್ಟಿನದು. ನೇರ ಜೋಡಿಸಿದಾಗ ಪ್ಯಾನೆಲ್ಲೂ 13 ವೋಲ್ಟಿಗೆ ಇಳಿಯುತ್ತೆ, ಆಂಪಿಯರ್ ಮಾತ್ರ ಅಷ್ಟೇ ಇರುತ್ತೆ. ಮಿಕ್ಕ 24 ವೋಲ್ಟು ದಂಡ.

ಎಂಪಿಪಿಟಿ ಅನ್ನೋ ಇನ್ನೊಂದು ಜಾತಿ ಕಂಟ್ರೋಲರ್ ಇದೆ. ಅದು ಟ್ರ್ಯಾಕ್ಟರ್ ಗೇರ್ ಬಾಕ್ಸ್ ಥರ. ಗೇರ್ ಇಳಿಸಿದಾಗ ವೇಗ ಕಮ್ಮಿಯಾಗಿ ಎಳೆಯೋ ಶಕ್ತಿ ಹೆಚ್ಚುತ್ತಲ್ಲ, ಹಾಗೆ ಇದು ವೋಲ್ಟೇಜ್ ಇಳಿಸಿ ಆಂಪಿಯರ್ ಹೆಚ್ಚಿಸುತ್ತೆ. ಅದನ್ನ ಹಾಕಿದ ಮೇಲೆ ಅದೇ ಪ್ಯಾನೆಲ್ಲಿಂದ ಮಧ್ಯಾಹ್ನ 20 ಆಂಪಿಯರ್, ಅಂದ್ರೆ 260 ವ್ಯಾಟ್ ಸಿಕ್ತು. ಪೂರಾ 330 ಯಾವತ್ತೂ ಬರಲ್ಲ. ಆ ಅಂಕಿ 25 ಡಿಗ್ರಿ ಬಿಸಿಯಲ್ಲಿ ಅಳೆದಿದ್ದು, ನಮ್ಮ ಬಿಸಿಲಲ್ಲಿ ಪ್ಯಾನೆಲ್ಲೇ ಕಾದು ಅದರ ಕೈ ಸೋಲುತ್ತೆ.

ನೀವು ನೋಡಬೇಕಾದ್ದು ಇಷ್ಟೇ. ಪ್ಯಾನೆಲ್ ಹಿಂದೆ ಸ್ಟಿಕ್ಕರ್ ಇರುತ್ತೆ, ಫೋನಲ್ಲಿ ಫೋಟೋ ತಗೊಳ್ಳಿ. ಅದರಲ್ಲಿ ವಿಎಂಪಿ ಅಂತ ಒಂದು ಅಂಕಿ ಇದೆ. 18ರ ಹತ್ತಿರ ಇದ್ರೆ 12 ವೋಲ್ಟಿನ ಬ್ಯಾಟರಿಗೆ ಅಗ್ಗದ ಪಿಡಬ್ಲ್ಯುಎಂ ನಡೆಯುತ್ತೆ. 30, 40 ಇದ್ರೆ ಎಂಪಿಪಿಟಿ ಬೇಕೇ ಬೇಕು. ಪಕ್ಕದಲ್ಲಿ ವಿಒಸಿ ಅಂತ ಇರುತ್ತೆ, ಆ ಅಂಕಿ ಕಂಟ್ರೋಲರ್ ತಡೆಯೋ ಗರಿಷ್ಠ ವೋಲ್ಟೇಜಿಗಿಂತ ಕಮ್ಮಿ ಇರಬೇಕು. ಇಲ್ಲಾಂದ್ರೆ ಕಂಟ್ರೋಲರ್ ಸುಟ್ಟುಹೋಗುತ್ತೆ.

ಬ್ಯಾಟರಿ ಸತ್ತಿದ್ದಕ್ಕೂ ಕಾರಣ ಇದೇ. ಲೆಡ್ ಆಸಿಡ್ ಬ್ಯಾಟರಿನ ದಿನಾ ಬರಿದು ಮಾಡಿ, ಪೂರ್ತಿ ತುಂಬಿಸದೆ ಬಿಟ್ರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಕಟ್ಟಿಕೊಳ್ಳುತ್ತೆ. ಒಮ್ಮೆ ಗಟ್ಟಿಯಾಯ್ತು ಅಂದ್ರೆ ಮತ್ತೆ ಕರಗಲ್ಲ.

ಲೆಕ್ಕ ಹಾಕಿದ್ದು ಹೀಗೆ

ಎರಡನೇ ಸಲ ಅಂಗಡಿಗೆ ಹೋಗೋ ಮುಂಚೆ 15 ದಿನ ಫೋನಿನ ನೋಟ್ಸಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆದಿಟ್ಟೆ. ನಮಗೆ ಪೆಟ್ಟು ಬೀಳ್ತಿದ್ದಿದ್ದು ಮಧ್ಯಾಹ್ನ ಎರಡರಿಂದ ಐದು, ರಾತ್ರಿ ಏಳರಿಂದ ಒಂಬತ್ತು. ಆಮೇಲೆ ಏನೇನು ನಡೀಬೇಕು ಅಂತ ಮನೆಯೋರೆಲ್ಲ ಕೂತು ಪಟ್ಟಿ ಮಾಡಿದ್ವಿ. ಅಪ್ಪನಿಗೆ ಟಿವಿ ಬೇಕು. ಅಣ್ಣನ ಮಗಳಿಗೆ ಓದೋಕೆ ಬೆಳಕು ಬೇಕು. ಮಿಕ್ಸಿ ಕೂಡ ಇರಲಿ ಅಂದ್ರು ಅಮ್ಮ, ಆಮೇಲೆ ಅವರೇ ಒರಳಿದೆಯಲ್ಲ ಅಂತ ಬಿಟ್ಟುಕೊಟ್ರು.

9 ವ್ಯಾಟಿನ ಬಲ್ಬು ಐದು, ನಾಲ್ಕು ಗಂಟೆ ಉರಿದ್ರೆ 180 ವ್ಯಾಟ್ ಅವರ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆಗೆ 240. ಹಳೇ ಫ್ಯಾನೇ ಇಟ್ಟುಕೊಂಡಿದ್ರೆ ಅದೊಂದೇ 75 ವ್ಯಾಟ್ ತಿಂದು 600 ಆಗ್ತಿತ್ತು. 100 ವ್ಯಾಟಿನ ಹೊಲಿಗೆ ಮೋಟಾರ್ ದಿನಾ ಪೂರ್ತಿ ಓಡಲ್ಲ, ಪೆಡಲ್ ಒತ್ತಿದಾಗ ಮಾತ್ರ. ಎಲ್ಲಾ ಸೇರಿ ಮೂರು ಗಂಟೆ ಅಂದ್ರೂ 300. ಟಿವಿ 80, ವೈಫೈ ರೂಟರ್ 100, ಮೂರು ಫೋನ್ ಚಾರ್ಜಿಗೆ 45. ಒಟ್ಟು 945. ಒಂದು ಯೂನಿಟ್ಟೂ ಇಲ್ಲ! ಇಡೀ ಮನೆ ಓಡಿಸ್ತೀನಿ ಅಂತ ಹೊರಟೋನಿಗೆ ಬೇಕಾಗಿದ್ದು ಇಷ್ಟೇ.

ಇದರ ಜೊತೆಗೆ ಒಬ್ಬ ಕಳ್ಳ ಇದ್ದಾನೆ, ಇನ್ವರ್ಟರೇ. ಏನೂ ಓಡಿಸದೆ ಸುಮ್ಮನೆ ಆನ್ ಇದ್ರೂ ನಮ್ಮದು 15 ವ್ಯಾಟ್ ತಿನ್ನುತ್ತೆ. 24 ಗಂಟೆಗೆ 360 ವ್ಯಾಟ್ ಅವರ್. ಐದು ಬಲ್ಬು ಉರಿಸಿದ ಎರಡರಷ್ಟು! ಅದಕ್ಕೆ ನಾವು ರಾತ್ರಿಯ ಬಲ್ಬು, ಫ್ಯಾನ್ ಎರಡನ್ನೂ 12 ವೋಲ್ಟಿನ ಡಿಸಿ ಮಾಡಿ, ಬ್ಯಾಟರಿಯಿಂದ ಬೇರೆ ಲೈನ್ ಎಳೆದ್ವಿ. ಹೊಲಿಗೆ ಮತ್ತೆ ಟಿವಿ ಮುಗಿದ ಮೇಲೆ ಇನ್ವರ್ಟರ್ ಆಫ್. ಹಗಲಲ್ಲಿ ಎಂಟು ಗಂಟೆ ಆನ್ ಇಟ್ರೆ 120 ಅಷ್ಟೇ. ಒಟ್ಟು ಬೇಕಾದ್ದು 1,065.

ಈಗ ಪ್ಯಾನೆಲ್ ಕಡೆ. ನಮ್ಮ ಬಯಲುಸೀಮೆಯಲ್ಲಿ ವರ್ಷದ ಸರಾಸರಿ ತಗೊಂಡ್ರೆ ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲು ಅಂತ ಹಿಡೀಬಹುದು. ಬಿಸಿ, ಧೂಳು, ವೈರು, ಬ್ಯಾಟರಿ ಎಲ್ಲದರಲ್ಲೂ ಹೋಗೋ ನಷ್ಟಕ್ಕೆ 30 ಭಾಗ ಕಳೀರಿ. 330 ಗುಣಿಸು 5 ಗುಣಿಸು 0.7, ಅಂದ್ರೆ 1,155. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. ಮೊದಲು ತಂದ ಆ ಒಂದೇ ಪ್ಯಾನೆಲ್ ಸಾಕಾಗ್ತಿತ್ತು, ಎರಡನೇದು ತರಲೇ ಇಲ್ಲ. ಮಲೆನಾಡಿನೋರು ಈ ಲೆಕ್ಕ ಹಾಗೇ ಹಿಡೀಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನಿಮಗೆ ಇದರ ಅರ್ಧ ಸಿಕ್ಕರೆ ಹೆಚ್ಚು.

ಬ್ಯಾಟರಿ 12 ವೋಲ್ಟ್, 150 ಎಎಚ್, ಅಂದ್ರೆ 1,800 ವ್ಯಾಟ್ ಅವರ್. ಟ್ಯೂಬ್ಯುಲರ್ ಬಾಳಬೇಕು ಅಂದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, 900 ಸಿಗುತ್ತೆ. ಹೊಲಿಗೆ ಹಗಲಲ್ಲೇ ಆಗೋದ್ರಿಂದ ಅದು ಹೆಚ್ಚುಕಮ್ಮಿ ನೇರ ಬಿಸಿಲಿನ ಕರೆಂಟಲ್ಲೇ ಓಡುತ್ತೆ, ರಾತ್ರಿಗೆ 900 ಧಾರಾಳ. ಲಿಥಿಯಂ ಬ್ಯಾಟರಿಯಲ್ಲಿ 80 ಭಾಗಕ್ಕೂ ಹೆಚ್ಚು ಬಳಸಬಹುದು, ಬಾಳಿಕೆಯೂ ಜಾಸ್ತಿ, ನೀರು ಹಾಕೋ ತಾಪತ್ರಯ ಇಲ್ಲ. ಆದ್ರೆ ದುಬಾರಿ. ಚಾರ್ಜರಲ್ಲೂ ಲಿಥಿಯಂ ಸೆಟ್ಟಿಂಗ್ ಇರಬೇಕು. ಕೈಲಿ ದುಡ್ಡಿದ್ರೆ ಅದನ್ನೇ ತಗೊಳ್ಳಿ ಅಂತೀನಿ, ನನ್ನ ಹತ್ರ ಇರಲಿಲ್ಲ.

ವೈರಲ್ಲಿ ಕಂಜೂಸ್ ಮಾಡಬೇಡಿ

ಡಿಸಿ ಲೈನಿಗೆ ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ವೈರೇ ಸಾಕು ಅಂತ ಬಹಳ ಜನ ಎಳೀತಾರೆ. ನಮ್ಮ ಕೊಟ್ಟಿಗೆ ಬ್ಯಾಟರಿಯಿಂದ 20 ಮೀಟರ್. ಅಲ್ಲಿ ಬಲ್ಬು, ಫ್ಯಾನ್ ಸೇರಿ 5 ಆಂಪಿಯರ್ ಅಂದ್ಕೊಳ್ಳಿ. ಹೋಗಿ ಬರೋ 40 ಮೀಟರ್ ವೈರಲ್ಲಿ ಸುಮಾರು 2.4 ವೋಲ್ಟ್ ಕಳೆದುಹೋಗುತ್ತೆ. 230 ವೋಲ್ಟಿನಲ್ಲಿ ಇದು ಲೆಕ್ಕಕ್ಕೇ ಇಲ್ಲ, 12 ವೋಲ್ಟಿನಲ್ಲಿ ಐದರಲ್ಲಿ ಒಂದು ಪಾಲು. ಬಲ್ಬು ಮಂಕಾಗುತ್ತೆ, ಫ್ಯಾನು ತೂಕಡಿಸುತ್ತೆ. 4 ಸ್ಕ್ವೇರ್ ಎಂಎಂ ತಾಮ್ರದ ವೈರಲ್ಲಿ ಹೋಗೋದು ಒಂದು ವೋಲ್ಟಿಗಿಂತ ಕಮ್ಮಿ. ಬ್ಯಾಟರಿಯಿಂದ ವೈರ್ ಹೊರಡೋ ಜಾಗದಲ್ಲೇ ಡಿಸಿ ಫ್ಯೂಸ್ ಹಾಕಿ. 12 ವೋಲ್ಟ್ ಶಾಕ್ ಹೊಡೆಯಲ್ಲ ನಿಜ, ಆದ್ರೆ ಶಾರ್ಟ್ ಆದ್ರೆ ವೈರ್ ಕೆಂಪಗೆ ಕಾದು ಹುಲ್ಲಿನ ಬಣವೆಗೇ ಬೆಂಕಿ ಬೀಳುತ್ತೆ.

ಪ್ಯಾನೆಲ್ ಮುಖ ದಕ್ಷಿಣಕ್ಕೆ, ಸುಮಾರು 15 ಡಿಗ್ರಿ ಓರೆ. ಫೋನಿನ ಕಂಪಾಸೇ ಸಾಕು. ನೆರಳು ನೋಡೋದು ಮಾತ್ರ ಒಂದೇ ದಿನದ ಕೆಲಸವಲ್ಲ. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಮರದ ನೆರಳು ಉದ್ದ ಆಗುತ್ತೆ. ಬೇಸಿಗೆಯಲ್ಲಿ ನೆರಳಿಲ್ಲ ಅಂತ ಕೂರಿಸಿದ ಜಾಗಕ್ಕೆ ಚಳಿಗಾಲದಲ್ಲಿ ತೆಂಗಿನ ಗರಿ ಅಡ್ಡ ಬರಬಹುದು. ಒಳಗಿನ ಸೆಲ್ಲುಗಳು ಒಂದರ ಹಿಂದೆ ಒಂದು ಜೋಡಿಸಿರೋದ್ರಿಂದ ಒಂದು ಗರಿಯ ನೆರಳು ಪ್ಯಾನೆಲ್ಲಿನ ದೊಡ್ಡ ಪಾಲನ್ನೇ ಕೂರಿಸಿಬಿಡುತ್ತೆ. ವಾರಕ್ಕೊಮ್ಮೆ ಬೆಳಿಗ್ಗೆ ಪ್ಯಾನೆಲ್ ತಣ್ಣಗಿರುವಾಗ ಒರೆಸಿ. ಬೋರ್ ನೀರಾದ್ರೆ ಒಣಗೋಕೆ ಬಿಡಬೇಡಿ, ಬಿಳಿ ಕಲೆ ಕೂರುತ್ತೆ.

ಇನ್ನೊಂದು ಸಣ್ಣ ವಿಷಯ, ನನಗೆ ತಡವಾಗಿ ಹೊಳೆದಿದ್ದು. ಸಾದಾ ಇನ್ವರ್ಟರ್ ಲೈನ್ ಕರೆಂಟ್ ಬಂದ ತಕ್ಷಣ ಅದರಿಂದಲೇ ಬ್ಯಾಟರಿ ತುಂಬಿಸಿಬಿಡುತ್ತೆ, ಆಮೇಲೆ ಬಿಸಿಲಿಗೆ ಕೆಲಸವೇ ಇಲ್ಲ. ಬಿಸಿಲು ಚೆನ್ನಾಗಿರೋ ದಿನ ಬೆಳಿಗ್ಗೆ ಎಂಟಕ್ಕೆ ಇನ್ವರ್ಟರಿಗೆ ಬರೋ ಮೇನ್ಸ್ ಆಫ್ ಮಾಡ್ತೀವಿ. ಮೋಡ ಹಾಕಿದ್ರೆ ಆನ್. ಈ ಕೆಲಸ ಅಪ್ಪ ವಹಿಸಿಕೊಂಡಿದಾರೆ, ಆಕಾಶ ನೋಡೋದು ಅವರಿಗೆ ಹೊಸದೇನಲ್ಲ. ಹೊಸದಾಗಿ ಇನ್ವರ್ಟರ್ ಕೊಳ್ಳೋರು ಸೋಲಾರಿಗೇ ಮೊದಲ ಆದ್ಯತೆ ಕೊಡೋದನ್ನ ಕೇಳಿ ತಗೊಳ್ಳಿ, ಈ ಓಡಾಟ ತಪ್ಪುತ್ತೆ.

ಯಾವ ಕೆಲಸಕ್ಕೆ ಆಗುತ್ತೆ, ಯಾವುದಕ್ಕೆ ಆಗಲ್ಲ

ಬಿಸಿ ಮಾಡೋ ಯಾವ ಸಾಮಾನೂ ಇಷ್ಟು ಸಣ್ಣ ಸೋಲಾರಲ್ಲಿ ಆಗಲ್ಲ. ಇಸ್ತ್ರಿ ಪೆಟ್ಟಿಗೆ 750, 1,000 ವ್ಯಾಟ್, ಗೀಸರ್ 2,000. ಅತ್ತಿಗೆ ಇಸ್ತ್ರಿ ಮಾಡೋದು ಈಗಲೂ ಲೈನ್ ಕರೆಂಟ್ ಇದ್ದಾಗಲೇ. ಹಿಟ್ಟಿನ ಗಿರಣಿ ಕೂಡ ಬೇರೆಯೇ ಲೆಕ್ಕ. ಮೊಬೈಲ್ ರಿಪೇರಿ, ಕಟಿಂಗ್ ಶಾಪ್, ಹೊಲಿಗೆ, ಸಣ್ಣ ಕಿರಾಣಿ ಅಂಗಡಿಯ ದೀಪ, ಫ್ಯಾನು, ತಕ್ಕಡಿ, ಇವಕ್ಕೆಲ್ಲ ಚೆನ್ನಾಗಿ ಹೊಂದುತ್ತೆ. ಜೆರಾಕ್ಸ್ ಇಡೋ ಯೋಚನೆ ಇದ್ರೆ ಲೇಸರ್ ಮಿಷನ್ ಬೇಡ, ಅದು ಬಿಸಿಯಾಗೋವಾಗ ಇನ್ವರ್ಟರನ್ನೇ ಕೂರಿಸುತ್ತೆ. ಇಂಕ್ ಟ್ಯಾಂಕ್ ಪ್ರಿಂಟರ್ ತಗೊಳ್ಳಿ. ಮೊದಲು ಸಾಮಾನು ಬದಲಾಯಿಸಿ, ಆಮೇಲೆ ಪ್ಯಾನೆಲ್ ಲೆಕ್ಕ ಹಾಕಿ. ಖರ್ಚು ಇಳಿಯೋದು ಅಲ್ಲೇ.

ನನಗೆ ಎರಡನೇ ಸಲ ಆದ ಖರ್ಚು: ಎಂಪಿಪಿಟಿ ಕಂಟ್ರೋಲರ್ 4,800, ಡಿಸಿ ಫ್ಯಾನ್ 2,100, ಡಿಸಿ ಬಲ್ಬು, ವೈರು, ಫ್ಯೂಸ್ 1,900, ಹೊಸ ಬ್ಯಾಟರಿ 15,500. ಒಟ್ಟು 24,300. ಮೊದಲೇ ಸರಿಯಾದ ಕಂಟ್ರೋಲರ್ ತಂದಿದ್ರೆ ಇದರಲ್ಲಿ ಬ್ಯಾಟರಿ ದುಡ್ಡು ಉಳೀತಿತ್ತು. ನಿಮ್ಮೂರಲ್ಲಿ ರೇಟ್ ಹೆಚ್ಚುಕಮ್ಮಿ ಇರುತ್ತೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಬಿಲ್ಲಲ್ಲಿ ಅದನ್ನೂ ನೋಡಿ.

ದುಡ್ಡು ಹೊಂದಿಸಿದ್ದು ಅತ್ತಿಗೆ, ಅವರ ಸಂಘದಿಂದ 20,000 ಸಾಲ ತೆಗೆದು. ಸಣ್ಣ ಸೋಲಾರನ್ನ ಸಾಲದ ಮೇಲೆ ಬಡವರ ಮನೆಗೆ ತಲುಪಿಸಬಹುದು ಅಂತ ಮೊದಲೇ ತೋರಿಸಿಕೊಟ್ಟಿದ್ದು ನಮ್ಮ ರಾಜ್ಯದಲ್ಲೇ. 1995ರಲ್ಲಿ ಹರೀಶ್ ಹಂದೆ ಶುರು ಮಾಡಿದ ಸೆಲ್ಕೋ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಈ ದಾರಿ ಹಾಕಿತು, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು, ಕಂತನ್ನ ದುಡಿಯೋರ ಕೈಗೆ ದುಡ್ಡು ಬರೋ ರೀತಿಗೆ ಹೊಂದಿಸೋದು. ದಿನಾ ದುಡಿದು ತಿನ್ನೋರಿಗೆ ತಿಂಗಳಿಗೆ 300 ಭಾರ, ದಿನಕ್ಕೆ 10 ಭಾರವಲ್ಲ. ಹಾಲಿನ ಬಟವಾಡೆ ಆದ ಮರುದಿನಕ್ಕೆ ಕಂತು ಇಟ್ಟುಕೊಳ್ಳಿ. ಅಡಿಕೆ ಮಾರಿದ ಮೇಲೆ ಕಟ್ತೀನಿ ಅಂತ ಹೋಗಬೇಡಿ.

ಹಾಕಿಸೋ ದಿನ ಅಂಗಡಿಯೋರು ಹೊರಡೋ ಮುಂಚೆ ನಡು ಮಧ್ಯಾಹ್ನ ಮೀಟರ್ ಹಿಡಿದು ಆಂಪಿಯರ್, ವೋಲ್ಟ್ ಎರಡನ್ನೂ ನಿಮ್ಮೆದುರಿಗೇ ತೋರಿಸಲಿ. ಅದರ ಫೋಟೋ ಇಟ್ಟುಕೊಳ್ಳಿ. ಬ್ಯಾಟರಿ ಆವಾಗ ಅರ್ಧಂಬರ್ಧ ಖಾಲಿ ಇರಬೇಕು, ತುಂಬಿದ ಬ್ಯಾಟರಿ ಹೆಂಗೂ ಆಂಪಿಯರ್ ಎಳೆಯಲ್ಲ. ಗುಣಿಸಿದಾಗ ಪ್ಯಾನೆಲ್ ಮೇಲೆ ಬರೆದಿದ್ದರ ಮುಕ್ಕಾಲು ಬಂದ್ರೆ ಸರಿ ಇದೆ. ಮೂರರಲ್ಲೊಂದು ಬಂದ್ರೆ ಬಾಕಿ ದುಡ್ಡು ಕೊಡಬೇಡಿ.

ಹೋದ ಗೌರಿ ಹಬ್ಬಕ್ಕೆ ಅತ್ತಿಗೆ 28 ಬ್ಲೌಸ್ ಒಪ್ಪಿಕೊಂಡ್ರು, ಹಬ್ಬಕ್ಕೆ ಎರಡು ದಿನ ಇರೋವಾಗಲೇ ಎಲ್ಲಾ ಕೊಟ್ಟು ಮುಗಿಸಿದ್ರು. ಬಿಟ್ಟು ಹೋಗಿದ್ದೋರಲ್ಲಿ ಇಬ್ಬರು ವಾಪಸ್ ಬಂದಿದಾರೆ. ಈಗ ಅಣ್ಣ ಹಾಲು ಕರೆಯೋ ಮಿಷನ್ ತರ್ತೀನಿ, ಅದನ್ನೂ ಇದಕ್ಕೇ ಸೇರಿಸು ಅಂತ ಕೂತಿದಾನೆ. ಅದರ ಮೋಟಾರ್ ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಹೊತ್ತು ಓಡುತ್ತೆ ಅಂತ ಬರ್ಕೊಂಡು ಬಾ ಅಂತ ಹೇಳಿ ಕಳಿಸಿದೀನಿ.